ಅವನ ಪಾಲಿನ ಸೋಮವಾರ

ಮೊನ್ನೆ ಇಂಡಿ ಬಸ್ ನಿಲ್ದಾಣದಲ್ಲಿ ಒಬ್ಬ ಅಜ್ಜ ಎರಡು ಚೀಲ ನಿಂಬೆಹಣ್ಣು ತಂದು, ಲಗೇಜ್ ಟಿಕೆಟ್ ತೆಗೆಸುವುದಿಲ್ಲ ಎಂದು ನನ್ನ ಜೊತೆ ಜಗಳಕ್ಕೆ ನಿಂತ. ಜಗಳದ ನಡುವೆ ಯಾರದೋ ಕಾಲು ತಾಗಿ ಒಂದು ಚೀಲದ ಬಾಯಿ ಬಿಚ್ಚಿತು. ಹಣ್ಣು ಬಸ್ಸಿನ ತುಂಬ ಉರುಳಿ ನಾಲ್ಕೈದು ಜನರ ಕಾಲಡಿ ಸಿಕ್ಕು ಒಡೆದವು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಾಯಿ ಕಟ್ಟಿತು. ಎಡಗೈ ತಾನಾಗಿಯೇ ಹೆಗಲ ಚೀಲದ ಒಳಜೇಬಿಗೆ ಹೋಗಿ ತಡಕಾಡಿತು. ಅಲ್ಲಿ ಏನೂ ಇರಲಿಲ್ಲ. ಕಂಡಕ್ಟರ್ ಸೋತಳು ಎಂದುಕೊಂಡ ಅಜ್ಜ ಹೋಗಿ ಕಿಟಕಿಯ ಪಕ್ಕ ಕೂತ.

ನಾನು ಸೋಲುವವಳಲ್ಲ, ಇಂಡಿ ದಾಟುವುದರೊಳಗೆ ಅವನ ಟಿಕೆಟ್ ಹರಿದೆ. ಆದರೆ ಮನಸ್ಸು ಆಗಲೇ ಬೇರೆ ಕಡೆ ಓಡಿತ್ತು. ಮಗಳು ಹೊಟ್ಟೆಯಲ್ಲಿದ್ದ ವರ್ಷ ಆ ಒಳಜೇಬಿನಲ್ಲಿ ಎರಡು ವಸ್ತು ಇರುತ್ತಿದ್ದವು. ಒಂದು ನಿಂಬೆಹಣ್ಣು, ಇನ್ನೊಂದು ಗುಳಿಗೆಯ ಬಾಟಲಿ. ಬಸ್ಸು ತಗ್ಗಿನಲ್ಲಿ ಇಳಿದಾಗಲೆಲ್ಲ ಬಾಟಲಿ ಗಲಗಲ ಅನ್ನುತ್ತಿತ್ತು. ಅದರ ಬಾಯಿಗೆ ಅರಳೆ ತುರುಕಿ ಸದ್ದು ಅಡಗಿಸಿದ್ದೆ. ನನ್ನೊಳಗಿನ ಸದ್ದಿಗೆ ಮಾತ್ರ ತುರುಕಲು ಏನೂ ಸಿಕ್ಕಿರಲಿಲ್ಲ.

ಆ ವರ್ಷ ನಾನು ಒಂದು ಕಡೆ ಸುಮ್ಮನೆ ಕೂತದ್ದು ನೆನಪಿಲ್ಲ. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆದ ಹೊಸದು. ಜನ್ಮದಲ್ಲಿ ಊರ ಗಡಿ ದಾಟದ ಮುದುಕಿಯರೆಲ್ಲ ಸೀರೆ ಸೆರಗು ಬಿಗಿದುಕೊಂಡು ಬಸ್ಸು ಹತ್ತಿದ್ದೇ ಹತ್ತಿದ್ದು. ಸಿಂದಗಿಯಿಂದ ಇಂಡಿ, ಇಂಡಿಯಿಂದ ಸಿಂದಗಿ, ಮರುದಿನ ಬಾಗೇವಾಡಿ, ಅಲ್ಲಿಂದ ಮುದ್ದೇಬಿಹಾಳ. ಜೀರೋ ಟಿಕೆಟ್ ಹರಿದು ಹರಿದು ಹೆಬ್ಬೆರಳು ಮರಗಟ್ಟುತ್ತಿತ್ತು. ಆ ಗದ್ದಲದ ನಡುವೆ ನನಗೊಂದು ಮಗು ಬೇಕಾಗಿತ್ತು. ಅದೂ ಎಲ್ಲರ ಹಾಗೆ ಆಗುವ ಮಗು ಅಲ್ಲ, ಡಾಕ್ಟರನ್ನು ಕೇಳಿ, ರಕ್ತ ಕೊಟ್ಟು, ಗುಳಿಗೆ ನುಂಗಿ ಆಮೇಲೆ ಆಗಬೇಕಾದ ಮಗು.

ಯಾಕೆಂದು ಹೇಳಬೇಕಾದರೆ ಸಿದ್ದಪ್ಪನಿಂದ ಶುರು ಮಾಡಬೇಕು. ಸಿದ್ದಪ್ಪ ನನ್ನ ಗಂಡ. ಎದುರಿಗೆ ‘ರೀ’ ಅಂತಲೇ ಕರೆಯುವುದು. ಬರೆಯುವಾಗ ‘ಅವನು’ ಅಂದರೆ ನನಗೆ ಹಗುರ, ಹಾಗೇ ಬರೆಯುತ್ತೇನೆ. ಸುಟ್ಟ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಅಂಗಡಿ ಅವನದು, ಸಿಂದಗಿಯಲ್ಲಿ. ಊರು ಯಂಕಂಚಿ. ಮದುವೆಗೆ ಮೊದಲು ದಿನಾ ನನ್ನ ಬಸ್ಸಿಗೇ ಬರುತ್ತಿದ್ದ, ಹೆಗಲ ಮೇಲೆ ಒಂದು ಮೋಟರು. ಲಗೇಜಿನ ಜಗಳದಿಂದ ಮಾತು ಬೆಳೆಯಿತು. ಮಾತು ಬೆಳೆದು ಇನ್ನೇನು ಮನೆಯವರಿಗೆ ಹೇಳಬೇಕು ಎನ್ನುವ ಹೊತ್ತಿಗೆ ಒಂದು ದಿನ ಹಿಂದಿನ ಸೀಟಿನಲ್ಲಿ ಕೂತು ಕರೆದ.

“ಒಂದು ಮಾತು ಹೇಳೂದೈತ್ರಿ. ನನಗ ಹುಟ್ಟಿದಾಗಿಂದ ಎಚ್‌ಐವಿ ಐತಿ. ನಮ್ಮವ್ವ, ನಮ್ಮಪ್ಪ ಅದರಾಗ ಹೋದ್ರು. ದಿನಾ ಗುಳಿಗಿ ನುಂಗತೇನಿ, ಆರಾಮ ಅದೀನಿ. ಇದನ್ನ ಕೇಳಿ ನಿಮಗ ಇಳದು ಹೋಗೂದಿದ್ರ ಇಲ್ಲೇ ಇಳೀರಿ.”

“ಕಂಡಕ್ಟರ್ ನಡುದಾರ್ಯಾಗ ಇಳಿಯಂಗಿಲ್ರಿ,” ಎಂದೆ.

ಹೇಳುವುದೇನೋ ಹೇಳಿದೆ. ಆ ವಾರವೆಲ್ಲ ನಿದ್ದೆ ಬರಲಿಲ್ಲ. ಆದರೂ ಮದುವೆಯಾದೆ. ವಿಷಯ ಗೊತ್ತಿದ್ದದ್ದು ಮನೆಯಲ್ಲಿ ಮೂರೇ ಜನಕ್ಕೆ: ಅವನು, ನಾನು, ಅವನನ್ನು ಸಾಕಿದ ಆಯಿ. ಆಯಿ ಎಂದರೆ ಅವನ ಅಪ್ಪನ ತಾಯಿ. ಮಸೂತಿಯಲ್ಲಿರುವ ನನ್ನ ತವರಿಗೆ ಇದರ ಗಾಳಿಯೂ ತಾಗಿರಲಿಲ್ಲ.

ಆಯಿಯ ಸೋಮವಾರದ ಬಗ್ಗೆ ಈಗಲೇ ಹೇಳಿಬಿಡುತ್ತೇನೆ. ಮಗ ಸೊಸೆ ಇಬ್ಬರನ್ನೂ ಮಣ್ಣಿಗೆ ಕೊಟ್ಟು ಬಂದ ಮೇಲೆ, ಮೊಮ್ಮಗನಿಗೂ ಇದೆ ಎಂದು ಆಸ್ಪತ್ರೆಯಲ್ಲಿ ಹೇಳಿದ ದಿನದಿಂದ ಆಯಿ ಅವನ ಹೆಸರಿನಲ್ಲಿ ಸೋಮವಾರ ಒಪ್ಪತ್ತು ಹಿಡಿದಿದ್ದಳು. ಬೆಳಗಿನಿಂದ ಏನೂ ಇಲ್ಲ, ದೀಪ ಹಚ್ಚಿದ ಮೇಲೆ ಒಂದೇ ಊಟ. ಜ್ವರ ಬಂದರೂ ಬಿಟ್ಟವಳಲ್ಲ, ಬೀಗರ ಮದುವೆಯ ಊಟಕ್ಕೂ ಬಗ್ಗಿದವಳಲ್ಲ. ಮೊಮ್ಮಗ ಮಾತ್ರ ಸೋಮವಾರ ಮಧ್ಯಾಹ್ನ ಹೋಟೆಲಿನಲ್ಲಿ ಪೂರಿ ಬಾರಿಸುತ್ತಿದ್ದ. ನಮ್ಮ ಕಡೆ ಇದೇನು ಹೊಸದಲ್ಲ. ಮಗನ ಪರೀಕ್ಷೆಗೆ ತಾಯಿಯ ಉಪವಾಸ, ಗಂಡನ ಕೆಮ್ಮಿಗೆ ಹೆಂಡತಿಯ ಶನಿವಾರ. ಮನೆಯಲ್ಲಿ ಒಬ್ಬರು ಮಾಡಿದರೆ ಎಲ್ಲರಿಗೂ ಮುಟ್ಟುತ್ತದೆ ಎಂಬ ಲೆಕ್ಕ. ನಾನೂ ಅದನ್ನು ನೋಡುತ್ತಲೇ ಬೆಳೆದವಳು, ನಕ್ಕು ಬಿಟ್ಟಿದ್ದೆ.

ಮಗುವಿನ ಮಾತು ಬಂದಾಗ ಇಬ್ಬರೂ ಬಾಗೇವಾಡಿಯ ಒಬ್ಬ ಡಾಕ್ಟರಬಾಯಿಯ ಹತ್ತಿರ ಹೋದೆವು. ಸಿಂದಗಿ ಬೇಡ, ಗುರುತಿನವರು ಇರುತ್ತಾರೆ ಎಂದು ಅವನ ಯೋಚನೆ. ಕಂಡಕ್ಟರಿಗೆ ಗುರುತಿಲ್ಲದ ಊರು ಎಲ್ಲಿಂದ ತರುವುದು? ದವಾಖಾನೆಯ ಬಾಗಿಲಲ್ಲೇ ಇಬ್ಬರು ಹೆಂಗಸರು “ಏನ್ರೀ ಕಂಡಕ್ಟರಬಾಯಿ, ಇಂದ ರಜಾ ಏನು?” ಎಂದು ಮಾತಾಡಿಸಿದರು. ಆಮೇಲೆ ನಾನು ಖಾಕಿ ಸಮವಸ್ತ್ರದಲ್ಲೇ ಹೋಗತೊಡಗಿದೆ. ಡ್ಯೂಟಿಯಲ್ಲಿರುವ ಕಂಡಕ್ಟರ್ ಎಲ್ಲಿ ನುಗ್ಗಿದರೂ ನೀರಿಗೋ ಪಾಯಿಖಾನೆಗೋ ಎಂದುಕೊಂಡು ಜನ ಸುಮ್ಮನಾಗುತ್ತಾರೆ.

ಡಾಕ್ಟರಬಾಯಿ ಅವಸರದ ಹೆಂಗಸು. ಆದರೆ ಈ ವಿಷಯವನ್ನು ಮಾತ್ರ ನಿಧಾನವಾಗಿ ಬಿಡಿಸಿದರು. “ನಿಮ್ಮ ಯಜಮಾನ್ರು ಗುಳಿಗಿ ತಪ್ಪಸದ ತಗೊಂಡ್ರ ಅವರ ರಕ್ತದಾಗಿನ ವೈರಸ್ಸು ಪರೀಕ್ಷಾದಾಗ ಸಿಗದಷ್ಟು ಇಳಿತೈತಿ. ಹಂಗ ಇದ್ದಾಗ ಕೂಡಿದ್ರೂ ನಿಮಗ ದಾಟಂಗಿಲ್ಲ. ಅದು ಒಂದು ಬೇಲಿ. ಇನ್ನೊಂದು ಗುಳಿಗಿ ಐತಿ, ಅದು ರೋಗ ಇಲ್ಲದವರಿಗೆ, ಬರಬಾರದು ಅಂತ. ಅದನ್ನ ನೀವು ದಿನಾ ತಗೋಬೇಕು. ಅದು ಎರಡನೇ ಬೇಲಿ. ಬಸುರಿ ಆಗೂಕಿಂತ ಮೊದಲ ಚಾಲೂ ಮಾಡೂಣು. ಬಸುರಿದ್ದಾಗ ತಗೋಬಹುದು, ಕೂಸಿಗೆ ಹಾಲು ಕೊಡೂವಾಗೂ ತಗೋಬಹುದು.”

“ಕೂಸಿಗೆ ಏನೂ ಆಗಂಗಿಲ್ಲೇನ್ರಿ?”

“ಗುಳಿಗಿಯಿಂದ ಆಗಂಗಿಲ್ಲ. ಬಸುರಿದ್ದಾಗ, ಹಾಲು ಕೊಡೂವಾಗ ನಿಮಗ ಹೊಸದಾಗಿ ರೋಗ ತಗಲಿದ್ರ ಕೂಸಿಗೆ ದಾಟೂದು ಭಾಳ. ಅಂಜೂದಿದ್ರ ಅದಕ್ಕ ಅಂಜ್ರಿ.” ಆಮೇಲೆ ಸಿದ್ದಪ್ಪನ ಕಡೆ ತಿರುಗಿ ಬೆರಳು ಎತ್ತಿ ಹೇಳಿದರು. “ನಿಮ್ಮ ಗುಳಿಗಿ ನಿಮ್ಮ ಮೈಗೆ, ಅವರ ಗುಳಿಗಿ ಅವರ ಮೈಗೆ. ಒಬ್ಬರದು ಇನ್ನೊಬ್ಬರಿಗೆ ನಡೆಯಂಗಿಲ್ಲ. ತಿಳೀತೇನ್ರಿ?”

“ತಿಳೀತ್ರಿ,” ಎಂದು ಅವನು ತಲೆ ಆಡಿಸಿದ. ನನಗಿಂತ ಜೋರಾಗಿ ತಲೆ ಆಡಿಸಿದ್ದು ಅವನೇ.

ನನ್ನ ರಕ್ತ ನೋಡಿದರು, ಮೂತ್ರಪಿಂಡ, ಯಕೃತ್ತು ನೋಡಿದರು. ಅವನ ವೈರಸ್ಸಿನ ವರದಿ ಬಂತು, ಏನೂ ಕಾಣಲಿಲ್ಲ. ನನ್ನ ಗುಳಿಗೆ ಸೊಲ್ಲಾಪುರದಿಂದ ತರಿಸಿದರು. ಮೊದಮೊದಲು ಬೆಳಿಗ್ಗೆ ಡ್ಯೂಟಿಗೆ ಹೊರಡುವಾಗ ನುಂಗುತ್ತಿದ್ದೆ. ಹೊಟ್ಟೆ ತೊಳಸುತ್ತಿತ್ತು. ಗೊಳಸಂಗಿ ರಸ್ತೆಯಲ್ಲಿ ಎರಡು ಸಲ ಬಸ್ಸು ನಿಲ್ಲಿಸಿ ಗಟಾರದ ಬದಿಗೆ ಕೂತೆ. ಡ್ರೈವರ್ ಹುಸೇನಸಾಬ ಕಾಕಾ ಮರುದಿನ ಇಂಡಿಯಲ್ಲಿ ಬಸ್ಸು ನಿಂತಾಗ ಇಳಿದು ಹೋಗಿ ಒಂದು ನಿಂಬೆಹಣ್ಣು ತಂದು ಟಿಕೆಟ್ ಮಷಿನ್ನಿನ ಪಕ್ಕ ಇಟ್ಟ. ಅವತ್ತಿನಿಂದ ನಿಂಬೆಹಣ್ಣು ಮೂಸುತ್ತಲೇ ಟಿಕೆಟ್ ಹರಿದೆ. ಕೆಲವು ದಿನಕ್ಕೆ ತೊಳಸುವುದು ನಿಂತಿತು.

ಆಮೇಲೆ ಗುಳಿಗೆಯನ್ನು ಸಂಜೆಗೆ ಬದಲಿಸಿದೆ, ಅವನು ತನ್ನದನ್ನು ನುಂಗುವ ಹೊತ್ತಿಗೆ. ಎರಡನೇ ಪಾಳಿ ಇದ್ದರೆ ಊಟದ ಹೊತ್ತಿಗೆ ನಾನು ಮುದ್ದೇಬಿಹಾಳದಲ್ಲಿರುತ್ತಿದ್ದೆ. ಅಲ್ಲಿಂದ ಫೋನು ಮಾಡುತ್ತಿದ್ದೆ.

“ಬಾಯಾಗ ಹಾಕಿದ್ರೇನ್ರಿ?”

“ಹಾಕೀನಿ. ನೀನು?”

“ಹಾಕೀನಿ. ಹೂಂ, ನೀರು.”

ಅತ್ತ ಗುಟುಕು, ಇತ್ತ ಗುಟುಕು. ಆ ಸಪ್ಪಳ ಕೇಳಿ ಫೋನು ಇಡುವುದು. ಹುಸೇನಸಾಬ ಕಾಕಾ ಚಹದ ಲೋಟ ಹಿಡಿದು ನಗುತ್ತಿದ್ದ. “ದೇವರಾಣಿ ಹೇಳ್ತೇನವಾ, ಫೋನಿನ್ಯಾಗ ಗಂಡಗ ನೀರು ಕುಡಸೂ ಹೆಣ್ಣಮಗಳನ್ನ ನಾ ಎಲ್ಲೂ ಕಂಡಿಲ್ಲ.” ನನಗೆ ಅದು ಸಂಸಾರದ ಅತ್ಯಂತ ಸುಖದ ಹೊತ್ತು. ಹೇಳಲು ಮುಜುಗರ ಏನಿಲ್ಲ, ಹಾಗೇ ಇತ್ತು.

ಶ್ರಾವಣದಲ್ಲಿ ಬಸುರು ನಿಂತಿತು. ಆಯಿ ಮುಖದ ತುಂಬ ನಕ್ಕು, ತನ್ನ ಸೋಮವಾರ ಫಲ ಕೊಟ್ಟಿತು ಅಂದಳು. ನಾನು ಗುಳಿಗೆ ಅಂದೆ. ಇಬ್ಬರೂ ಜಗಳವಾಡಲಿಲ್ಲ, ಸಂತೋಷ ದೊಡ್ಡದಿತ್ತು. ಸಿದ್ದಪ್ಪ ಅವತ್ತು ಅಂಗಡಿಯ ಮುಂದೆ ಹೋದ ಬಂದವರಿಗೆಲ್ಲ ಪೇಢೆ ಹಂಚಿದ.

ಹಿಂಗಾರಿ ಜೋಳ ತೆನೆ ಹಿಡಿಯುವ ಹೊತ್ತಿಗೆ ನನಗೆ ಐದು ತಿಂಗಳಲ್ಲಿ ಬಿದ್ದಿತ್ತು. ನನ್ನ ರಕ್ತ ಸರಿಯಾಗಿ ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದರು, ಪ್ರತಿ ಸಲವೂ ಇಲ್ಲ ಎಂದೇ ಬರುತ್ತಿತ್ತು. ಡಾಕ್ಟರಬಾಯಿ ಅವನ ವೈರಸ್ಸಿನ ಪರೀಕ್ಷೆ ಮತ್ತೊಮ್ಮೆ ಆಗಲಿ ಅಂದರು. ಅವನು ಇಂದು ನಾಳೆ ಎಂದು ಮುಂದೆ ಹಾಕಿದ. ಹೊಲಕ್ಕೆ ನೀರು ಬಿಡೂ ಹೊತ್ತು, ಮೋಟರು ಮ್ಯಾಲ ಮೋಟರು ಸುಟ್ಟು ಬರಾಕತ್ತಾವು ಅಂದ. ನಾನು ಬಯ್ದೆ. ಕೊನೆಗೆ ಹೋಗಿ ರಕ್ತ ಕೊಟ್ಟು ಬಂದ.

ವರದಿ ಬಂದ ದಿನ ಡಾಕ್ಟರಬಾಯಿ ಅದನ್ನು ನೋಡಿ ಕನ್ನಡಕ ತೆಗೆದಿಟ್ಟರು. “ಸುವರ್ಣಾ, ನಿಮ್ಮ ಯಜಮಾನ್ರ ರಕ್ತದಾಗ ವೈರಸ್ಸು ತಿರುಗಿ ಎದ್ದೈತಿ. ಗುಳಿಗಿ ಬಿಟ್ಟಾರ ಅಂತ ಕಾಣತೈತಿ.”

ನಾನು ಇಲ್ಲ ಅಂದೆ. ಇಲ್ಲರಿ, ದಿನಾ ನನ್ನ ಕಿವಿಯಿಂದ ಕೇಳೀನಿ ಅಂದೆ. ಅವರು ಸೂಜಿ ಕೈಗೆತ್ತಿಕೊಂಡರು. ನನ್ನ ರಕ್ತ ಅಲ್ಲೇ ತೆಗೆದು ನೋಡಿದರು. ಇಲ್ಲ ಎಂದು ಬಂತು. “ಹೊಸದಾಗಿ ತಗಲಿದ್ರ ಇಷ್ಟು ಲಗೂ ಕಾಣಂಗಿಲ್ಲ. ಕೆಲವು ವಾರ ಬಿಟ್ಟು ಮತ್ತ ನೋಡೂಣು. ನೀವು ಗುಳಿಗಿ ತಪ್ಪಿಸಿಲ್ಲ ಅಲ್ಲ? ಹಂಗಿದ್ರ ಧೈರ್ಯ ಐತಿ. ಅವರು ಇವತ್ತಿಂದನ ಚಾಲೂ ಮಾಡ್ಲಿ. ಅವರದು ಇಳಿಯೂತನಾ ನಿರೋಧ ಇಲ್ಲದ ಹತ್ತರ ಬರೂದು ಬ್ಯಾಡ.”

ನಾನು ತಪ್ಪಿಸಿರಲಿಲ್ಲ. ಆದರೆ ಬಸುರಿನ ವಾಂತಿ ಆಗಿತ್ತಲ್ಲ? ಒಂದು ಸಂಜೆ ಗುಳಿಗೆ ನುಂಗಿ ಸ್ವಲ್ಪ ಹೊತ್ತಿಗೇ ಮುದ್ದೇಬಿಹಾಳ ನಿಲ್ದಾಣದ ಗೋಡೆ ಹಿಡಿದು ಕಾರಿದ್ದೆ. ಗುಳಿಗೆಯೂ ಬಂತೋ, ಒಳಗೇ ಉಳಿಯಿತೋ? ಆ ತಿಂಗಳುಗಳಲ್ಲಿ ನಾವಿಬ್ಬರೂ ಬೇರೆ ಬೇರೆ ಮಲಗಿದವರೂ ಅಲ್ಲ. ಬಾಗೇವಾಡಿಯಿಂದ ಸಿಂದಗಿಗೆ ಬರುವ ತನಕ ಆ ಒಂದು ವಾಂತಿಯನ್ನೇ ತಿರುವಿ ಹಾಕಿದೆ. ಹೊಟ್ಟೆಯ ಮೇಲೆ ಕೈ ಇಡಲೂ ಭಯವಾಯಿತು.

ಮನೆಗೆ ಬಂದಾಗ ಅವನು ಉಣ್ಣುತ್ತಿದ್ದ. ಆಯಿ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬಳ್ಳೊಳ್ಳಿ ಸುಲಿಯುತ್ತಿದ್ದಳು. ವರದಿಯನ್ನು ಅವನ ತಾಟಿನ ಪಕ್ಕ ಇಟ್ಟೆ. ಅವನು ಅದನ್ನು ಓದಲಿಲ್ಲ, ಗೊತ್ತಿತ್ತು.

“ಯಾವಾಗಿಂದ?”

“ಪೇಢೆ ಹಂಚಿದ ಮರುದಿನದಿಂದ,” ಎಂದ. ಸುಳ್ಳು ಹೇಳಲಿಲ್ಲ, ಅದಕ್ಕೆ ಇನ್ನೂ ಸಿಟ್ಟು ಬಂತು. “ಮಾತು ಬರೂಕಿಂತ ಮೊದಲ ಗುಳಿಗಿ ನುಂಗಾಕ ಕಲತಾಂವ ನಾ, ಸುವರ್ಣಾ. ಸಾಲ್ಯಾಗ ಕದ್ದು ನುಂಗೀನಿ, ಮದಿವಿ ದಿನ ಪಾಯಿಖಾನ್ಯಾಗ ನಿಂತು ನುಂಗೀನಿ. ಸಾಕಾಗಿತ್ತು. ನೀ ದಿನಾ ತಗೊಳಾಕತ್ತಿದ್ದಿ, ಒಂದೂ ತಪ್ಪಸದ. ಮನ್ಯಾಗ ಒಬ್ರು ತಗೊಂಡ್ರ ನಡಿತೈತಿ ಅನಸ್ತು. ಕೂಸು ಹುಟ್ಟೂತನಾ ಒಂದೀಟು ಬಿಡೂಣು ಅಂತ...”

“ಮತ್ತ ಫೋನಿನ್ಯಾಗ?”

ಅವನು ತಾಟು ನೋಡಿದ. “ಬರೇ ನೀರು. ನೀ ಎದುರಿಗಿದ್ದಾಗ ಗುಳಿಗಿ ಮುಟಿಗ್ಯಾಗ ಮುಚ್ಚಿಡತಿದ್ದೆ.”

ಅವತ್ತು ಮೊದಲ ಸಲ ನನ್ನ ಬಾಯಲ್ಲಿ ಗಂಡನಿಗೆ ಏಕವಚನ ಬಂತು. “ಬರೇ ನೀರು ಕುಡಿದು ನನ್ನ ನಂಬಿಸಿದ್ಯಲ್ಲೋ! ಡಾಕ್ಟರಬಾಯಿ ಬೆರಳು ತೋರಿಸಿ ಹೇಳಿದಾಗ ತಲೀ ಆಡಿಸಿದಾಂವ ನೀನ ಅಲ್ಲೇನು? ನಾ ನುಂಗಿದ್ದು ನಿನಗ ಹೆಂಗ ಮುಟ್ಟತೈತಿ? ನಾ ಉಂಡ್ರ ನಿನಗ ತೇಗು ಬರತೈತೇನು?” ಇನ್ನೂ ಏನೇನೋ ಅಂದೆ. ಆಯಿಯ ಕೈಯಲ್ಲಿದ್ದ ಬಳ್ಳೊಳ್ಳಿ ಹಾಗೇ ನಿಂತಿತ್ತು. ಅವಳು ಮೊಮ್ಮಗನನ್ನೇ ನೋಡುತ್ತಿದ್ದಳು.

ನಾನು ಎರಡು ಸೀರೆ, ಗುಳಿಗೆಯ ಬಾಟಲಿ ಚೀಲಕ್ಕೆ ತುರುಕಿ ಹೊರಟೆ. ಡಿಪೋಕ್ಕೆ ರಜೆ ಹೇಳಿ, ನಮ್ಮದೇ ಡಿಪೋದ ಬಸ್ಸಿನಲ್ಲಿ ಜೀರೋ ಟಿಕೆಟ್ ತಗೊಂಡು ಕೂತೆ. ದಿನಾ ನಿಂತು ಹೋಗುವ ದಾರಿಯಲ್ಲಿ ಕೂತು ಹೋಗುವುದು ಎಷ್ಟು ಉದ್ದ ಅನಿಸಿತು.

ಮಸೂತಿಯಲ್ಲಿ ಅವ್ವನಿಗೆ ಹಿಗ್ಗೋ ಹಿಗ್ಗು. ಚೊಚ್ಚಲ ಹೆರಿಗೆ ತವರಿನದು, ಮಗಳು ಕುಬಸದ ಶಾಸ್ತ್ರಕ್ಕೂ ಕಾಯದೆ ಮೊದಲೇ ಬಂದಳು ಎಂದು ಓಣಿಗೆಲ್ಲ ಹೇಳಿದಳು. ಯಾಕೆ ಬಂದೆ ಎಂದು ನಾನು ಹೇಳಲಿಲ್ಲ. ಹೇಳಿದ್ದರೆ ಅಳಿಯನಿಗೆ ಆ ಮನೆಯ ಬಾಗಿಲು ಅವತ್ತೇ ಮುಚ್ಚುತ್ತಿತ್ತು, ನನಗೂ ಸಿಂದಗಿಯ ದಾರಿ ಮುಚ್ಚುತ್ತಿತ್ತು. ಅದು ಮುಚ್ಚಲಿ ಎಂದು ಬೆಳಿಗ್ಗೆ ಅನಿಸುತ್ತಿತ್ತು, ಸಂಜೆಗೆ ಬೇಡ ಅನಿಸುತ್ತಿತ್ತು. ಊಟದ ಹೊತ್ತಿಗೆ ಸರಿಯಾಗಿ ಫೋನು ಹೊಡೆದುಕೊಳ್ಳುತ್ತಿತ್ತು. ನಾನು ಎತ್ತುತ್ತಿರಲಿಲ್ಲ. ಎತ್ತಿ ಏನು ಕೇಳಲಿ, ನೀರಿನ ಸಪ್ಪಳವನ್ನೇ?

ಅವ್ವ ಗುಡಿಸಿದ ಅಂಗಳವನ್ನು ನಾನು ಮತ್ತೆ ಗುಡಿಸುತ್ತಿದ್ದೆ. ಹೊಲಕ್ಕೆ ಹೋಗಿ ಜೋಳದ ಬದುವಿನ ಮೇಲೆ ಈ ಕಡೆಯಿಂದ ಆ ಕಡೆಗೆ ನಡೆಯುತ್ತಿದ್ದೆ. ಸೀತನಿಯ ಕಾಲ, ಎಳೆ ತೆನೆ ಸುಟ್ಟು ಬಡಿದು ಬಿಸಿಬಿಸಿ ಕಾಳು ಮಡಿಲಿಗೆ ಹಾಕಿದರೆ ಎರಡು ಮುಕ್ಕಿ ಎದ್ದುಬಿಡುತ್ತಿದ್ದೆ. “ಕುಂಡ್ರ ಒಂದೀಟು! ಕಾಲಾಗ ಗಾಲಿ ಅದಾವೇನು ನಿನಗ?” ಎಂದು ಅವ್ವ ಗದರಿಸುತ್ತಿದ್ದಳು. ಕೂಸು ಒಳಗೆ ಒದೆಯಲು ಶುರುಮಾಡಿತ್ತು. ಒದ್ದಾಗಲೆಲ್ಲ ನನ್ನ ರಕ್ತದಲ್ಲಿ ಏನು ಹರಿಯುತ್ತಿದೆಯೋ ಅದೇ ಅದಕ್ಕೂ ಅಲ್ಲವೇ ಎಂದು ಎದ್ದು ಮತ್ತೆ ನಡೆಯುತ್ತಿದ್ದೆ. ಕೆಲವು ವಾರ ಅಂದಿದ್ದರಲ್ಲ, ಆ ವಾರಗಳು ಮುಗಿಯುತ್ತಲೇ ಇರಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಂಗಳದಲ್ಲಿ ಕೋಲಿನ ಸದ್ದು. ನೋಡಿದರೆ ಆಯಿ. ಹಿಂದೆ ಸಿದ್ದಪ್ಪ, ಮುಖ ಇಳಿದು, ಶರ್ಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು. ಸಿಂದಗಿಯಿಂದ ಬಾಗೇವಾಡಿಗೆ, ಬಾಗೇವಾಡಿಯಿಂದ ಇಲ್ಲಿಗೆ, ಎರಡು ಬಸ್ಸು ಬದಲಿಸಿ ಆಯಿ ಅವನನ್ನು ಎಳೆದುಕೊಂಡು ಬಂದಿದ್ದಳು. ನಾನು ಒಲೆಯ ಪಕ್ಕದಿಂದ ಏಳಲಿಲ್ಲ.

ಅವ್ವ ನೀರು ಕೊಟ್ಟಳು. ಬೀಗತಿಯ ಸೋಮವಾರ ಅವಳಿಗೂ ಗೊತ್ತು, ನಮ್ಮ ಸಂಬಂಧ ಕುದುರುವಾಗ ಎಲ್ಲರ ಮುಂದೆ ಹೇಳಿಕೊಂಡು ಮೆರೆದವಳು ಆಯಿಯೇ. “ಅಳೇರಿಗೆ ಊಟಕ್ಕ ನೀಡ್ತೇನ್ರಿ. ನಿಮಗ ಹಾಲು, ಬಾಳಿಹಣ್ಣು ಕೊಡ್ಲೇನ್ರಿ ಬೀಗತಿ?”

“ನನಗ ರೊಟ್ಟಿ ಹಾಕ್ರಿ,” ಅಂದಳು ಆಯಿ.

“ಅಯ್ಯ, ಇವತ್ತ ಸೋಮವಾರ ಅಲ್ಲೇನ್ರಿ!”

“ಗೊತ್ತೈತ್ರಿ. ಹಾಕ್ರಿ.”

ಅವ್ವ ನನ್ನ ಮುಖ ನೋಡಿದಳು. ನಾನು ಅವಳ ಕೈಯಿಂದ ಬಿಸಿ ರೊಟ್ಟಿ ಇಸಿದುಕೊಂಡು, ಪುಂಡಿಪಲ್ಲೆ ಹಚ್ಚಿ, ತಾಟು ಆಯಿಯ ಮುಂದೆ ಇಟ್ಟೆ. ಸಿದ್ದಪ್ಪ ಎದುರಿನ ಕಂಬಕ್ಕೆ ಒರಗಿ ಕೂತಿದ್ದ. ಆಯಿ ರೊಟ್ಟಿಯ ಮೊದಲ ತುಣುಕು ಮುರಿದು ಕೈಯಲ್ಲಿ ಹಿಡಿದುಕೊಂಡು ಅವನನ್ನು ನೋಡಿದಳು.

“ಆಯಿ, ಬ್ಯಾಡ,” ಅಂದ ಅವನು. “ನನ್ನ ಸಲುವಾಗಿ ಹಿಡಿದಿದ್ದು. ಬಿಡಬ್ಯಾಡ.”

“ನಿನ್ನ ಸಲುವಾಗಿ ಹಿಡಿದಿದ್ದೆ, ನಿನ್ನ ಸಲುವಾಗಿನ ಬಿಡಾಕತ್ತೇನಿ. ಕೇಳ ಸಿದ್ಯಾ. ನಿನ್ನ ಪಾಲಿನ ಉಪಾಸ ನಾ ಮಾಡಿ ಮಾಡಿ ನಿನ್ನ ಹಾಳ ಮಾಡಿದೆ. ನಿಂದು ಯಾರರ ಮಾಡ್ತಾರ, ನನಗ ಮುಟ್ಟತೈತಿ ಅಂತ ತಿಳಕೊಂಡಿ. ಮೊದಲ ನಾ ಇದ್ದೆ, ಈಗ ಈಕಿ ಸಿಕ್ಕಳು. ಇನ್ನ ಇಲ್ಲ. ನಿನ್ನ ಪಾಲಿನ ಸೋಮವಾರ ನಾ ಮಾಡಂಗಿಲ್ಲ, ಈಕಿನೂ ಮಾಡಂಗಿಲ್ಲ. ನಿಂದು ನೀನ ಮಾಡಬೇಕು.”

ಹೇಳಿ, ತುಣುಕು ಬಾಯಿಗೆ ಹಾಕಿಕೊಂಡಳು. ಅಷ್ಟು ವರ್ಷ ಸೋಮವಾರದ ಬಿಸಿಲಿನಲ್ಲಿ ಹಸಿದ ಬಾಯಿ, ಅಗಿಯಲು ಮರೆತ ಹಾಗೆ ನಿಧಾನವಾಗಿ ಅಗಿಯಿತು. ಕಣ್ಣಲ್ಲಿ ನೀರು ಹರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವಳಿಗೆ ಅದು ಎಷ್ಟು ದೊಡ್ಡ ಭಯ ಎಂದು ನನಗೆ ಗೊತ್ತಿತ್ತು. ಈ ಒಪ್ಪತ್ತು ಬಿಟ್ಟರೆ ಮೊಮ್ಮಗ ಉಳಿಯುವುದಿಲ್ಲ ಎಂದು ನಂಬಿದ್ದ ಜೀವ ಅದು. ಸಿದ್ದಪ್ಪ ಮೊಣಕಾಲಿಗೆ ಮುಖ ಕೊಟ್ಟು ಮಕ್ಕಳ ಹಾಗೆ ಅತ್ತ. ಆಯಿ ಬಿಡಲಿಲ್ಲ, ರೊಟ್ಟಿ ಪೂರಾ ಉಂಡು ತಾಟಿನಲ್ಲೇ ಕೈ ತೊಳೆದಳು.

ಅವ್ವನಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ನಾನಂದುಕೊಂಡೆ.

ಹೊರಡುವ ಮುಂದೆ ಅವನು ನನ್ನ ಹತ್ತಿರ ಬಂದು ನಿಂತ. “ಚಾಲೂ ಮಾಡೀನಿ. ನೀ ಹೋದ ದಿನದಿಂದನ. ಫೋನ್ ಎತ್ತು.”

“ಎತ್ತತೇನ್ರಿ. ಆದ್ರ ಸಪ್ಪಳ ಕೇಳಂಗಿಲ್ಲ, ವಿಡಿಯೊ ಹಚ್ರಿ. ಗುಳಿಗಿ ನಾಲಿಗಿ ಮ್ಯಾಲ ಇಟ್ಟು ತೋರಸ್ರಿ, ನುಂಗಿ ಬಾಯಿ ತಗದು ತೋರಸ್ರಿ,” ಎಂದೆ. ಬಹುವಚನ ತಿರುಗಿ ಬಂದಿತ್ತು, ಸಿಟ್ಟು ಇನ್ನೂ ಹೋಗಿರಲಿಲ್ಲ. ನಾನು ಅವನ ಜೊತೆ ಹೋಗಲಿಲ್ಲ. ಹೆರಿಗೆ ಮಸೂತಿಯಲ್ಲೇ ಎಂದು ಹೇಳಿ ಬಸ್ಸು ಹತ್ತಿಸಿದೆ.

ಆ ಸಂಜೆ ನಾನು ಗುಳಿಗೆ ಕೈಯಲ್ಲಿ ಹಿಡಿದಿದ್ದೆ. ಅವ್ವ ತಂಬಿಗೆ ತುಂಬ ನೀರು ತಂದು ಪಕ್ಕದಲ್ಲಿಟ್ಟಳು. ರಕ್ತ ಹೆಚ್ಚಿಸುವ ಗುಳಿಗೆ ಎಂದು ಅವಳಿಗೆ ಹೇಳಿದ್ದೆ. ಬಸುರಿಗೆ ಇಷ್ಟು ಔಷಧ ಉಷ್ಣ ಎಂದು ದಿನಾ ಗೊಣಗುತ್ತಿದ್ದವಳು ಅವತ್ತು ಗೊಣಗಲಿಲ್ಲ. “ಏನ್ ಗುಳಿಗಿ ಅಂತ ನಾ ಕೇಳಂಗಿಲ್ಲ,” ಅಂದಳು. “ಆ ಮುದುಕಿ ರೊಟ್ಟಿ ಉಂಡಿದ್ದು ನೋಡೀನಿ. ತಪ್ಪಸಬ್ಯಾಡ, ನುಂಗು.” ಅದರ ಬಗ್ಗೆ ಅವ್ವ ಇವತ್ತಿಗೂ ಇನ್ನೊಂದು ಮಾತು ಆಡಿಲ್ಲ.

ಕೆಲವು ವಾರದ ಮೇಲೆ ಬಾಗೇವಾಡಿಗೆ ಹೋಗಿ ರಕ್ತ ಕೊಟ್ಟೆ. ವರದಿ ಬರುವ ತನಕ ದವಾಖಾನೆಯ ಹೊರಗೆ ಬೇವಿನ ಗಿಡ ಸುತ್ತಿದೆ, ಎಷ್ಟು ಸುತ್ತೋ. ಇಲ್ಲ ಎಂದು ಬಂತು. ಹೆರಿಗೆಗೆ ಮೊದಲು ಮತ್ತೊಮ್ಮೆ, ಆಗಲೂ ಇಲ್ಲ. ಸುಡುಬಿಸಿಲಿನಲ್ಲಿ ಮಗಳು ಹುಟ್ಟಿದಳು. ಅಷ್ಟಕ್ಕೆ ಮುಗಿಯಲಿಲ್ಲ, ಹಾಲು ಕೊಡುವ ಕಾಲ ಬಾಕಿ ಇತ್ತು. ಸಿಂದಗಿಗೆ ಬಂದ ಮೇಲೂ ದಿನಾ ಸಂಜೆ ಗುಳಿಗೆ, ಆಗಾಗ ಪರೀಕ್ಷೆ. ಅಷ್ಟು ಹೊತ್ತಿಗೆ ಅವನ ರಕ್ತದಲ್ಲಿ ವೈರಸ್ಸು ಮತ್ತೆ ಕಾಣದ ಹಾಗೆ ಇಳಿದಿತ್ತು. ಆದರೂ ಮಗಳು ಮೊಲೆ ಬಿಡುವ ತನಕ ನಾನು ನನ್ನದನ್ನು ಬಿಡಲಿಲ್ಲ. ಕೊನೆಗೆ ನನ್ನದೂ ಮಗಳದೂ ರಕ್ತ ಒಟ್ಟಿಗೆ ನೋಡಿಸಿದೆ. ಇಬ್ಬರಿಗೂ ಇಲ್ಲ. ಡಾಕ್ಟರಬಾಯಿಯ ಮುಂದೆ ನಕ್ಕೆ, ಮೆಟ್ಟಿಲು ಇಳಿದೆ, ಬಸ್ಸು ಹತ್ತಿದೆ. ಹುಸೇನಸಾಬ ಕಾಕಾನ ಬೆನ್ನ ಹಿಂದಿನ ಸೀಟಿನಲ್ಲಿ ಕೂತ ಮೇಲೆ ಸಿಂದಗಿ ಬರುವ ತನಕ ಅತ್ತೆ. ಕಾಕಾ ಕನ್ನಡಿಯಲ್ಲಿ ನೋಡಿ, ಹಾಡಿನ ಸೌಂಡು ಜೋರು ಮಾಡಿದ.

ಇದೆಲ್ಲ ಆ ಒಡೆದ ನಿಂಬೆಹಣ್ಣಿನಿಂದ ಎದ್ದು ಬಂತು. ಇನ್ನೊಂದು ಕೂಸು ಬೇಕು ಎಂದು ನಾವಿಬ್ಬರೂ ಮಾತಾಡಿಕೊಂಡು ಸ್ವಲ್ಪ ದಿನವಾಗಿತ್ತು. ಇಂದು ಬೆಳಿಗ್ಗೆ ಬಾಗೇವಾಡಿ ಟ್ರಿಪ್ಪಿನಲ್ಲಿ ದವಾಖಾನೆಗೆ ಹೋಗಿ ಬಂದೆ. ಅವನ ವರದಿ ಇಷ್ಟು ದಿನವೂ ಚೊಕ್ಕ ಇರುವುದರಿಂದ, ಈ ಸಲ ನಿಮಗೆ ಗುಳಿಗೆ ಬೇಕೇ ಬೇಕು ಎಂದು ನಾನು ಹೇಳುವುದಿಲ್ಲ, ಯೋಚನೆ ಮಾಡಿ ಹೇಳಿ ಅಂದರು ಡಾಕ್ಟರಬಾಯಿ. ಯೋಚಿಸಲು ನನಗೆ ಹೊತ್ತು ಬೇಕಿರಲಿಲ್ಲ. ಈಗ ಗುಳಿಗೆ ಅಲ್ಲೇ ಸಿಗುತ್ತದೆ, ಒಂದು ಬಾಟಲಿ ಇಸಿದುಕೊಂಡು ಬಂದೆ.

ಮಧ್ಯಾಹ್ನ ಪಾಳಿ ಮುಗಿಸಿ ಮನೆಗೆ ಬಂದು ಚೀಲ ಕೆಳಗಿಟ್ಟರೆ ಬಾಟಲಿ ಗಲ್ ಅಂದಿತು. ಈ ಸಲ ಅದಕ್ಕೆ ಅರಳೆ ತುರುಕಿಲ್ಲ. ಸಿದ್ದಪ್ಪ ಊಟಕ್ಕೆ ಬಂದಿದ್ದ. ಸದ್ದು ಕೇಳಿ ಅವನ ಮುಖ ಸಣ್ಣದಾಯಿತು.

“ಇನ್ನೂ ನಂಬಿಕಿ ಬಂದಿಲ್ಲೇನು ನನ್ನ ಮ್ಯಾಲ?”

“ನಂಬಿಕಿ ಐತ್ರಿ,” ಎಂದೆ. ಸುಳ್ಳಲ್ಲ, ಇತ್ತು. “ನಿಮ್ಮ ಪಾಲಿಂದು ನೀವು ನುಂಗ್ರಿ. ನನ್ನ ಪಾಲಿಂದು ನಾ ನುಂಗತೇನಿ.”

ಅವನು ಏನೋ ಹೇಳಲು ಬಾಯಿ ತೆರೆದ. ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ ಆಯಿ ಖಾಲಿ ತಾಟನ್ನು ಕೋಲಿನಿಂದ ಕುಟ್ಟಿದಳು. ಈಗ ಕಣ್ಣು ಮಂಜು, ಹಲ್ಲು ಒಂದೂ ಇಲ್ಲ. “ನಿಮ್ಮ ಮಾತು ಸಾಕ ಮಾಡ್ರಿ. ರೊಟ್ಟಿ ಆರಾಕತ್ತಾವು, ನನಗ ಹಸಿವಿ ಆಗೈತಿ.”

ಇವತ್ತು ಸೋಮವಾರ. ಅವನೇ ಎದ್ದು ಹೋಗಿ, ಒಂದು ರೊಟ್ಟಿ ಹಾಲಿನಲ್ಲಿ ಮುರಿದು, ಆಯಿಯ ತಾಟಿಗೆ ಹಾಕಿದ.